ಡಬ್ಬಿ ಅಸಲಿ, ಅಂಗಡಿ ಯಾರದು?

ಆನ್‌ಲೈನ್‌ನಲ್ಲಿ ಮಿಕ್ಸರ್ ತಗೊಂಡ್ರಿ. ಯಾರ ಹತ್ತಿರ ಅಂತ ಕೇಳಿದರೆ 'ಅಮೆಜಾನ್' ಅಂತೀರಿ. ಅಲ್ಲ ಸ್ವಾಮಿ. ವಿದೇಶಿ ಬಂಡವಾಳದ ಇಂಥ ತಾಣ ಸಂತೆ ಮೈದಾನ ಮಾತ್ರ, ಮಾರೋರು ಬೇರೆ.

ಒಂದೇ ಮಾಡೆಲ್‌ ಅನ್ನು ಹತ್ತು ಜನ ಮಾರಿದರೂ ಪುಟ ಒಂದೇ, ಫೋಟೋ ಒಂದೇ, ಸ್ಟಾರೂ ಒಂದೇ. ನೀವು ಬಟನ್ ಒತ್ತಿದಾಗ ಯಾರ ಡಬ್ಬಿ ಬರಬೇಕು ಅನ್ನೋದನ್ನ ಸಾಫ್ಟ್‌ವೇರ್ ಮೊದಲೇ ಆರಿಸಿರುತ್ತೆ. ನಕಲಿ ಮಾರುವವನೂ ಇದೇ ಪುಟದಲ್ಲಿ ಬಂದು ಕೂರ್ತಾನೆ. ಅವನ ಕಳಪೆ ಮಾಲಿಗೆ ಬೈಗುಳ ಮಾತ್ರ ಕಂಪನಿಗೆ.

ಅದಕ್ಕೇ ಅಮೆಜಾನ್ 'ಬ್ರ್ಯಾಂಡ್ ರಿಜಿಸ್ಟ್ರಿ' ತಂದಿತು. ಟ್ರೇಡ್‌ಮಾರ್ಕ್ ತೋರಿಸಿ ಹೆಸರು ನೋಂದಾಯಿಸಿದ ಕಂಪನಿ ನಕಲಿ ಮಾಲಿನ ಮೇಲೆ ದೂರು ಕೊಡಬಹುದು. 2019ರ 'ಪ್ರಾಜೆಕ್ಟ್ ಜೀರೊ'ದಲ್ಲಂತೂ ಆಯ್ದ ಕಂಪನಿಗಳು ತಾಣದ ಒಪ್ಪಿಗೆಗೆ ಕಾಯದೆ ತಾವೇ ಅಳಿಸಿಹಾಕಬಹುದು. ಇನ್ನೊಂದಿದೆ, 'ಟ್ರಾನ್ಸ್‌ಪರೆನ್ಸಿ'. ಅದರಲ್ಲಿ ಪ್ರತಿ ಡಬ್ಬಿಗೂ ಬೇರೆ ಬೇರೆ ಕೋಡ್. ಎಂಜಿನಿಯರಿಂಗ್ ಓದಿದ ತಲೆ ನನ್ನದು, ಇದೇ ಇಷ್ಟ. ಕೋಡ್ ಸರಿಯಿದೆಯೋ ಇಲ್ಲವೋ, ಅಷ್ಟೇ. ಯಾರ ಅನುಮಾನಕ್ಕೂ ಅಲ್ಲಿ ಕೆಲಸವಿಲ್ಲ.

ಆದರೆ ಅಳಿಸುವ ಅಧಿಕಾರ ಇದೆಯಲ್ಲ, ಅದು ಹಾಗಲ್ಲ. ಚಿಕ್ಕಪೇಟೆಯ ಒಬ್ಬ ವ್ಯಾಪಾರಿ ಬಿಲ್ ಸಮೇತ ಅಸಲಿ ಮಾಲು ತಂದು ಕಂಪನಿಗಿಂತ ನೂರು ರೂಪಾಯಿ ಕಡಿಮೆಗೆ ಮಾರಿದ ಅಂತಿಟ್ಟುಕೊಳ್ಳಿ. ತಪ್ಪಾ? 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಕಲಂ ಪ್ರಕಾರ, ಕಾನೂನುಬದ್ಧವಾಗಿ ಕೊಂಡ ಮಾಲನ್ನ ಕೆಡಿಸದೆ, ತಿದ್ದದೆ ಮರುಮಾರಾಟ ಮಾಡಬಹುದು. ತನ್ನ ಅನುಮತಿ ಇಲ್ಲದೆ ತಾಣಗಳಲ್ಲಿ ಮಾರಬಾರದು ಅಂತ ಆಮ್‌ವೇ ಕೋರ್ಟಿಗೆ ಹೋಗಿತ್ತು. 2019ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದರ ಪರ ಆದೇಶ ಕೊಟ್ಟಿತು. 2020ರ ಜನವರಿಯಲ್ಲಿ ವಿಭಾಗೀಯ ಪೀಠ ಆ ಆದೇಶವನ್ನ ರದ್ದು ಮಾಡಿತು.

ಕಾನೂನು ಹೀಗಿದ್ದರೂ, 'ನಕಲಿ' ಅಂತ ದೂರು ಬಿದ್ದರೆ ನಮ್ಮ ಚಿಕ್ಕಪೇಟೆಯವನ ಮಾಲು ಪುಟದಿಂದ ಮಾಯ ಆಗಬಹುದು. ಬಿಲ್ ಹಚ್ಚಿ, ಮೇಲ್ಮನವಿ ಹಾಕಿ, ಉತ್ತರಕ್ಕೆ ಕಾದು ಕೂರೋ ಹೊತ್ತಿಗೆ ದೀಪಾವಳಿ ವ್ಯಾಪಾರ ಮುಗಿದಿರುತ್ತೆ. ಕಮ್ಮಿ ಬೆಲೆಗೆ ಕೊಡುವವನು ಹೋದ ಮೇಲೆ ಆ ನೂರು ರೂಪಾಯಿ ಹೋಗೋದು ನಿಮ್ಮ ಜೇಬಿಂದಲೇ. ಬ್ರ್ಯಾಂಡ್‌ಗೆ ರಕ್ಷಣೆ ಸಿಕ್ಕಿತು ಅಂದರೆ ಗ್ರಾಹಕನಿಗೂ ಸಿಕ್ಕಿತು ಅಂತೇನಿಲ್ಲ.

ನಿಮಗಿರೋದು 2020ರ ಇ-ಕಾಮರ್ಸ್ ನಿಯಮಗಳು. ಮಾರಾಟಗಾರನ ಹೆಸರು, ವಿಳಾಸ ತಾಣದಲ್ಲಿ ಇರಲೇಬೇಕು. ನೀವು ದೂರು ಕೊಟ್ಟರೆ 48 ಗಂಟೆಯೊಳಗೆ ಸ್ವೀಕೃತಿ, ತಿಂಗಳೊಳಗೆ ಪರಿಹಾರ ಕೊಡಬೇಕು. ಬೆಲೆಯ ಹತ್ತಿರ ಸಣ್ಣ ಅಕ್ಷರದಲ್ಲಿ ಮಾರಾಟಗಾರನ ಹೆಸರಿರುತ್ತೆ. ದುಡ್ಡು ಕಟ್ಟೋ ಮುಂಚೆ ಅದನ್ನ ಒತ್ತಿ ನೋಡಿ. ಡಬ್ಬಿ ಮನೆಗೆ ಬಂದಾಗ ಬಿಲ್ಲಿನಲ್ಲೂ ಅದೇ ಹೆಸರಿದೆಯಾ ನೋಡಿಕೊಳ್ಳಿ.