ಜೈಲಿದ್ದ ದ್ವೀಪದಲ್ಲಿ ಟೆಂಟ್ ಹಾಕಿ ಮಲಗೋದು

ಕ್ಯಾಂಪಿಂಗ್ ಅಂದ್ರೆ ನಮಗೆ ಗೋಕರ್ಣದ ಬೀಚು, ಇಲ್ಲಾಂದ್ರೆ ಮಲೆನಾಡಿನ ಯಾವುದಾದರೂ ಹೋಂಸ್ಟೇ ಪಕ್ಕದ ಬಯಲು. ನಾವು ಮಲಗಿರೋ ನೆಲವನ್ನ ಯಾರು ಸಮತಟ್ಟು ಮಾಡಿದ್ರು ಅಂತ ಯಾರೂ ಕೇಳಲ್ಲ. ಆಸ್ಟ್ರೇಲಿಯಾದ ಸಿಡ್ನಿ ಬಂದರಿನಲ್ಲಿರೋ ಕಾಕಟೂ ದ್ವೀಪದಲ್ಲಿ ಮಾತ್ರ ಈ ಪ್ರಶ್ನೆ ಕೇಳಲೇಬೇಕು. ಅದರಲ್ಲೂ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು.

ಮೊದಲು ಆರಾಮದ ವಿಷಯ. ಸಿಡ್ನಿಯ ಸರ್ಕ್ಯುಲರ್ ಕೀಯಿಂದ ಫೆರಿ ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ದ್ವೀಪ ತಲುಪಬಹುದು. ನೀರಿನ ಅಂಚಿನಲ್ಲೇ ಟೆಂಟ್ ಹಾಕೋ ಜಾಗ. ನಮ್ಮದೇ ಟೆಂಟ್ ಒಯ್ಯಬಹುದು, ಅವರೇ ಹಾಕಿಟ್ಟಿರೋ ಟೆಂಟೂ ಸಿಗುತ್ತೆ. ಬಿಸಿನೀರಿನ ಸ್ನಾನ, ಎಲ್ಲರೂ ಸೇರಿ ಬಳಸೋ ಅಡುಗೆ ಜಾಗ ಎಲ್ಲಾ ಇದೆ. ಬೆಂಕಿ ಹಾಕಿ ಸುತ್ತ ಕೂರೋದು ಮಾತ್ರ ಇಲ್ಲ. ಸಂಜೆ ಕೊನೆಯ ಪ್ರವಾಸಿಗರು ಹೊರಟ ಮೇಲೆ ನೀರಿನ ಸದ್ದು, ದೂರದಲ್ಲಿ ಊರಿನ ದೀಪ, ಅಷ್ಟೇ.

ಕೈದಿಗಳು ಕೊರೆದ ಹಗೇವು

ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಗಡಿಪಾರಾಗಿ ಬಂದ ಕೈದಿಗಳು ಅಲ್ಲಿ ಮತ್ತೆ ತಪ್ಪು ಮಾಡಿದರೆ ಅವರನ್ನ ಇನ್ನೂ ಕಠಿಣ ಜಾಗಕ್ಕೆ ಹಾಕ್ತಿದ್ದರು. 1839ರಿಂದ 1869ರವರೆಗೆ ಕಾಕಟೂ ಅಂಥ ಒಂದು ಜೈಲು. ಬರಗಾಲಕ್ಕೆ ಕಾಳು ಕೂಡಿಡಬೇಕು ಅಂತ ಗವರ್ನರ್ ಗಿಪ್ಸ್ ಇಲ್ಲಿನ ಮರಳುಗಲ್ಲಿನ ಬಂಡೆಯಲ್ಲೇ ಗುಂಡಿ ಕೊರೆಸಿದ. ಬಾಟಲಿ ಆಕಾರ: ಒಳಗೆ ಅಗಲ, ಬಾಯಿ ಕಿರಿದು.

ನಿಮ್ಮ ಅಜ್ಜಿಯನ್ನ ಕೇಳಿ ನೋಡಿ, ಇದು ನಮ್ಮ ಊರುಗಳ ಹಗೇವು! ರಾಗಿ, ಜೋಳ ತುಂಬಿ ಬಾಯಿ ಮುಚ್ಚಿ ಮೇಲೆ ಮಣ್ಣು ಹಾಕ್ತಿದ್ದರಲ್ಲ, ಅದೇ. ವಿಜ್ಞಾನ ಸರಳ. ಗಾಳಿ ಆಡದ ಹಾಗೆ ಮುಚ್ಚಿದ ಮೇಲೆ ಕಾಳು, ಹುಳ ಎರಡೂ ಉಸಿರಾಡಿ ಒಳಗಿನ ಆಮ್ಲಜನಕ ಕಡಿಮೆಯಾಗುತ್ತೆ, ಇಂಗಾಲದ ಡೈಆಕ್ಸೈಡ್ ಏರುತ್ತೆ. ಹುಳ ಸಾಯುತ್ತೆ, ಕಾಳು ಉಳಿಯುತ್ತೆ. ಬಾಯಿ ಚಿಕ್ಕದಿದ್ದಷ್ಟೂ ಮುಚ್ಚೋದು ಸುಲಭ. ವ್ಯತ್ಯಾಸ ಒಂದೇ, ನಮ್ಮ ರೈತ ತನ್ನ ಮನೆಗೆ ಅಂತ ಅಗೆದ, ಇಲ್ಲಿ ಕೈದಿಗಳು ಕಾವಲಿನಲ್ಲಿ ಬಂಡೆ ಕಡಿದರು.

ಫ್ಲೂಯಿಡ್ ಮೆಕ್ಯಾನಿಕ್ಸ್ ಇಲ್ಲಿ ಕಣ್ಣಿಗೆ ಕಾಣುತ್ತೆ

ಗುಂಡಿಗಳಾದ ಮೇಲೆ ಅದೇ ಕೈದಿಗಳ ಕೈಯಲ್ಲಿ ಫಿಟ್ಜ್‌ರಾಯ್ ಡಾಕ್ ಕಟ್ಟಿಸಿದರು. 1857ರಲ್ಲಿ ಅದು ಮುಗಿಯಿತು. ಇದು ಡ್ರೈ ಡಾಕ್, ಅಂದ್ರೆ ಹಡಗಿನ ತಳ ರಿಪೇರಿ ಮಾಡೋ ದೊಡ್ಡ ತೊಟ್ಟಿ. ನೀರು ತುಂಬಿರುವಾಗ ಹಡಗು ತೇಲಿಕೊಂಡು ಒಳಗೆ ಬರುತ್ತೆ. ಬಾಗಿಲು ಮುಚ್ಚಿ ಪಂಪಿನಿಂದ ನೀರು ಖಾಲಿ ಮಾಡ್ತಾರೆ. ಹಡಗು ಮೆಲ್ಲಗೆ ಕೆಳಗಿನ ದಿಮ್ಮಿಗಳ ಮೇಲೆ ಕೂರುತ್ತೆ. ಆಗ ಬಾಗಿಲ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬರೀ ಗಾಳಿ. ನೀರಿನ ಆಳ 6 ಮೀಟರ್ ಅಂದುಕೊಳ್ಳಿ. ಬಾಗಿಲ ಪ್ರತಿ ಮೀಟರ್ ಅಗಲಕ್ಕೆ ಬೀಳೋ ಬಲ ಸುಮಾರು 18 ಟನ್ ತೂಕದಷ್ಟು. ಆಳ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ಫಾರ್ಮುಲಾ ಇದೇ ತಾನೆ?

ಡಾಕ್‌ಗೆ ಗವರ್ನರ್ ಹೆಸರು. ಕೆಲಸ ಮಾಡಿಸಿದ ಎಂಜಿನಿಯರ್ ಗೋದರ್ ಕೆರ್ ಮ್ಯಾನ್ ಹೆಸರೂ ಇತಿಹಾಸದಲ್ಲಿದೆ. ಕಲ್ಲು ಕಡಿದವರ ಹೆಸರು ಯಾವ ಡಾಕ್‌ಗೂ ಇಟ್ಟಿಲ್ಲ.

ಎರಡು ಥರದ ಟೆಂಟ್

ಜೈಲಿನ ನಂತರ ಇಲ್ಲಿ ಹೆಣ್ಣುಮಕ್ಕಳ ಸುಧಾರಣಾ ಶಾಲೆ ಇತ್ತು, ಆಮೇಲೆ ದೊಡ್ಡ ಹಡಗುಕಟ್ಟೆ ಬೆಳೆಯಿತು. ಬಂಡೆ ಕತ್ತರಿಸಿ, ಸಮುದ್ರ ತುಂಬಿಸಿ ದ್ವೀಪವನ್ನೇ ಅಗಲ ಮಾಡಿದರು. 1990ರ ದಶಕದ ಶುರುವಿನಲ್ಲಿ ಹಡಗುಕಟ್ಟೆ ಮುಚ್ಚಿತು.

2000ದ ಕೊನೆಯಲ್ಲಿ ಇಸಾಬೆಲ್ ಕೋ ಎಂಬ ಮೂಲನಿವಾಸಿ ಹೋರಾಟಗಾರ್ತಿ ತಮ್ಮವರ ಜೊತೆ ಬಂದು ಇಲ್ಲಿ ಟೆಂಟ್ ಹಾಕಿದರು, ಇದು ನಮ್ಮ ಜನರ ನೆಲ ಅಂತ. ಅವರ ಕಡೆಯವರು ಈ ದ್ವೀಪವನ್ನ ಕರೆಯೋದು ವಾರೇಮಾ ಅಂತ. 2001ರಲ್ಲಿ ಬಂದರಿನ ಇಂಥ ಜಾಗಗಳನ್ನ ನೋಡಿಕೊಳ್ಳೋಕೆ ಸರ್ಕಾರ ಒಂದು ಟ್ರಸ್ಟ್ ಮಾಡಿತು. 2008ರಲ್ಲಿ ಪ್ರವಾಸಿಗರ ಟೆಂಟ್ ಬಂತು, 2010ರಲ್ಲಿ ಯುನೆಸ್ಕೋ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಒಂದೇ ದ್ವೀಪ. ಒಬ್ಬರಿಗೆ ಟೆಂಟ್ ಅಂದ್ರೆ ರಜೆ, ಇನ್ನೊಬ್ಬರಿಗೆ ಹಕ್ಕು.

ಹಾಗಂತ ಅಲ್ಲಿ ಆರಾಮಾಗಿ ಮಲಗೋದು ತಪ್ಪು ಅಂತ ನಾನು ಹೇಳ್ತಿಲ್ಲ. ಬೀಗ ಹಾಕಿಟ್ಟ ಸ್ಮಾರಕಕ್ಕಿಂತ ಜನ ಬಂದು ಉಳಿಯೋ ಸ್ಮಾರಕ ಚೆನ್ನಾಗಿ ಉಳಿಯುತ್ತೆ. ಆದರೆ ಬರೀ ವ್ಯೂ ನೋಡಿ ಬಂದ್ರೆ ಅರ್ಧ ದ್ವೀಪ ಮಾತ್ರ ನೋಡಿದ ಹಾಗೆ.

ಸಿಡ್ನಿಯಲ್ಲಿ ಅಕ್ಕನೋ ಮಾವನೋ ಇದ್ದು ನೀವು ಹೋಗೋದಾದರೆ ಮೊದಲೇ ಬುಕ್ ಮಾಡಿಕೊಳ್ಳಿ. ಸೆಪ್ಟೆಂಬರ್‌ನಿಂದ ನವೆಂಬರ್ ಅಲ್ಲಿ ವಸಂತ, ಕಡಲಹಕ್ಕಿಗಳು ಗೂಡು ಕಟ್ಟೋ ಸಮಯ. ರಾತ್ರಿಯಿಡೀ ಗಲಾಟೆ, ಹತ್ತಿರ ಹೋದರೆ ಮೇಲೆರಗುತ್ತವೆ. ಬೆಳಿಗ್ಗೆ ಮೊದಲ ಫೆರಿ ಬರೋ ಮುಂಚೆ ಎದ್ದು ಡಾಕ್ ಪಕ್ಕ ನಡೆಯಿರಿ. ಕಲ್ಲಿನ ಗೋಡೆಯನ್ನ ಹತ್ತಿರದಿಂದ ನೋಡಿ. ಅದು ಮನುಷ್ಯರ ಕೈ ಕೆಲಸ.