ಉಂಡ ಕೂಡಲೇ ಬೆವರು, ಎದೆಬಡಿತ ಏಕೆ?

ಪ್ರಶ್ನೆ: ಗಡ್ಡೆಯಿದ್ದ ಕಾರಣ ನಮ್ಮ ತಂದೆಯವರ ಜಠರದ ಕೆಳಭಾಗ ತೆಗೆದಿದ್ದಾರೆ. ಈಗ ಪಾಯಸವೋ ಜ್ಯೂಸೋ ಸೇವಿಸಿದರೆ ಸಾಕು, ಹೊಟ್ಟೆ ನುಲಿದು ಬೆವರುತ್ತಾರೆ, ಭೇದಿಯೂ ಆಗುತ್ತದೆ. ಇದೇನು?

ಉತ್ತರ: ಲಕ್ಷಣಗಳು ‘ಡಂಪಿಂಗ್ ಸಿಂಡ್ರೋಮ್’ ಅನ್ನು ಹೋಲುತ್ತವೆ. ಜಠರದ ಕೊನೆಯಲ್ಲಿರುವ ಪೈಲೋರಸ್ ಎಂಬ ಸ್ನಾಯುವಿನ ಬಾಗಿಲು ಅರೆದ ಆಹಾರವನ್ನು ಸ್ವಲ್ಪಸ್ವಲ್ಪವೇ ಸಣ್ಣ ಕರುಳಿಗೆ ಬಿಡುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅದೂ ಹೋದರೆ ಊಟ ಒಮ್ಮೆಲೇ ಕರುಳಿಗೆ ನುಗ್ಗುತ್ತದೆ. ಸಕ್ಕರೆಯಂಶ ಹೆಚ್ಚಿದ್ದರೆ ರಕ್ತದ ನೀರನ್ನು ಕರುಳಿನೊಳಕ್ಕೆ ಸೆಳೆಯುತ್ತದೆ, ಹಾರ್ಮೋನುಗಳೂ ಏರುತ್ತವೆ. ಅದಕ್ಕೇ ಉಬ್ಬರ, ಭೇದಿ, ತಲೆಸುತ್ತು, ಎದೆಬಡಿತ. ಸಾಮಾನ್ಯವಾಗಿ ಉಂಡ 10ರಿಂದ 30 ನಿಮಿಷದೊಳಗೆ ಇವು ಶುರುವಾಗುತ್ತವೆ.

ಇನ್ನೊಂದು ಬಗೆ 1ರಿಂದ 3 ಗಂಟೆಯ ನಂತರ ಕಾಣಿಸಿಕೊಳ್ಳುತ್ತದೆ. ಥಟ್ಟನೆ ಏರಿದ ಸಕ್ಕರೆಗೆ ದೇಹ ಅತಿಯಾಗಿ ಇನ್ಸುಲಿನ್ ಸುರಿಸಿ, ರಕ್ತದ ಸಕ್ಕರೆ ಕುಸಿಯುತ್ತದೆ. ಕೈನಡುಕ, ಗೊಂದಲ, ಕೆಲವೊಮ್ಮೆ ಎಚ್ಚರ ತಪ್ಪುವುದೂ ಉಂಟು. ಇದನ್ನು ಬರೀ ನಿಶ್ಶಕ್ತಿ ಎಂದು ದಯವಿಟ್ಟು ಕಡೆಗಣಿಸಬೇಡಿ.

ಬಹುಪಾಲು ಜನರಿಗೆ ಊಟದ ಕ್ರಮ ಬದಲಿಸಿದರೇ ಎಷ್ಟೋ ನೆಮ್ಮದಿ. ಮೂರು ಹೊತ್ತಿನ ಊಟವನ್ನು ಐದಾರು ಸಣ್ಣ ಊಟಗಳಾಗಿ ಹಂಚಿ, ನಿಧಾನವಾಗಿ ಅಗಿದು ತಿನ್ನಲಿ. ನೀರು, ಮಜ್ಜಿಗೆ, ಸಾರು ಊಟದ ಜೊತೆ ಬೇಡ. ಅರ್ಧ ಗಂಟೆ ಬಿಟ್ಟು ಕುಡಿಯಲಿ. ಸಾರು ಸುರಿದುಕೊಂಡು ಉಣ್ಣುವ ನಮಗೆ ಇದೇ ಅತಿ ಕಷ್ಟ! ಸಿಹಿ ಕಡಿಮೆ ಮಾಡಿ ಬೇಳೆ, ಮೊಟ್ಟೆ, ಒಗ್ಗಿದರೆ ಮೊಸರು ಹೆಚ್ಚಿಸಿ. ಉಂಡ ಮೇಲೆ ಸ್ವಲ್ಪ ಹೊತ್ತು ಒರಗಿಕೊಂಡರೆ ತಲೆಸುತ್ತು ತಗ್ಗುತ್ತದೆ.

ಇಷ್ಟಾದರೂ ತಗ್ಗದಿದ್ದರೆ ಅಕಾರ್ಬೋಸ್, ಆಕ್ಟ್ರಿಯೊಟೈಡ್‌ನಂಥ ಔಷಧಿಗಳಿವೆ. ಯಾವುದು ಬೇಕೆಂದು ವೈದ್ಯರೇ ನಿರ್ಧರಿಸಬೇಕು. ಬಿ12 ಮತ್ತು ಕಬ್ಬಿಣಾಂಶದ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮಲ ಕಪ್ಪಗಾದರೆ, ವಾಂತಿ ನಿಲ್ಲದಿದ್ದರೆ ಅಥವಾ ಎಚ್ಚರ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.