ಒಂದು ಗ್ರಾಂ, ಐವತ್ತು ವರ್ಷ!

ಒಂದು ಒಗಟು. ಬಿಡಿಸಿ ನೋಡೋಣ! ನಿಮ್ಮ ಮೈಗೆ ದಿನವೂ ಬೇಕೇ ಬೇಕಾದ ಒಂದು ವಸ್ತು. ಅದನ್ನು ಒಂದೇ ಒಂದು ಗ್ರಾಂ ಕೊಟ್ಟರೆ ನಿಮಗೆ ಎಷ್ಟು ದಿನ ಬಂದೀತು? ವಾರ? ತಿಂಗಳು? ವರ್ಷ?

ಹತ್ತಿರ ಹತ್ತಿರ ಐವತ್ತು ವರ್ಷ!

ಅದೇ ಸೆಲೆನಿಯಂ. ದೊಡ್ಡವರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು. ಒಂದು ಗ್ರಾಂ ಎಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. ಭಾಗಿಸಿ ನೋಡಿ, ಹದಿನೆಂಟು ಸಾವಿರ ದಿನ ದಾಟುತ್ತದೆ!

ಇದು ಮೈಯಲ್ಲಿ ಏನು ಮಾಡುತ್ತದೆ ಎಂದು ತಿಳಿಯಲು ಈಗ ಕತಾರ್‌ಗೆ ಬನ್ನಿ. 2010ರ ಜುಲೈನಲ್ಲಿ ದೋಹಾದಲ್ಲಿ 50.4 ಡಿಗ್ರಿ ಬಿಸಿಲು ದಾಖಲಾಗಿತ್ತು. ಅಂಥ ಊರಲ್ಲಿ ದುಡಿಯುವ ಮಂಗಳೂರಿನವರಿಗೋ ಭಟ್ಕಳದವರಿಗೋ ಮೈಯೆಲ್ಲ ಬೆವರು, ಎದೆ ಡವಡವ, ಬೆರಳಲ್ಲಿ ಸಣ್ಣ ನಡುಕ. ಏನೆಂದುಕೊಳ್ಳುತ್ತಾರೆ ಹೇಳಿ? ಸೆಕೆ! ಊರಿಂದ ಅಮ್ಮ ಫೋನ್ ಮಾಡಿದರೂ ಅದೇ ಮಾತು, "ಇಲ್ಲಿ ಸೆಕೆ ಜಾಸ್ತಿ ಅಮ್ಮಾ."

ಏಸಿ ಕೋಣೆಯಲ್ಲೂ ಬೆವರಿದರೆ? ಹೊಟ್ಟೆ ತುಂಬ ಉಂಡರೂ ತೂಕ ಇಳಿದರೆ? ಆಗ ಅನುಮಾನ ಕುತ್ತಿಗೆಯ ಕಡೆ ತಿರುಗಬೇಕು. ಥೈರಾಯ್ಡ್ ಗ್ರಂಥಿ ಹದ್ದು ಮೀರಿ ಹಾರ್ಮೋನು ಸುರಿಸುತ್ತಿರಬಹುದು. ಅದೇ ಹೈಪರ್‌ಥೈರಾಯ್ಡ್. ಬಹಳಷ್ಟು ಸಲ ಇದರ ಹಿಂದಿರುವುದು ಗ್ರೇವ್ಸ್ ಕಾಯಿಲೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಕೆಣಕುತ್ತಾ ಕೂರುತ್ತದೆ!

ಇನ್ನೊಂದು ಪ್ರಶ್ನೆ. ತೂಕಕ್ಕೆ ತೂಕ ಹಾಕಿದರೆ ಯಾವ ಅಂಗದಲ್ಲಿ ಸೆಲೆನಿಯಂ ಅತಿ ಹೆಚ್ಚು? ಮೆದುಳು? ಯಕೃತ್ತು? ಹೃದಯ?

ಥೈರಾಯ್ಡ್!

ಯಾಕೆ ಗೊತ್ತೇ? ಹಾರ್ಮೋನು ತಯಾರಿಸಲು ಈ ಗ್ರಂಥಿ ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತದೆ. ಗಾಯಕ್ಕೆ ಹಾಕಿದರೆ ಬುಸ್ಸೆಂದು ನೊರೆ ಬರುವ ಅದೇ ಪೆರಾಕ್ಸೈಡ್! ಅದರಿಂದ ಜೀವಕೋಶ ಸುಡದಂತೆ ಕಾಯುವ ಕಿಣ್ವಗಳ ಒಡಲಲ್ಲಿ ಸೆಲೆನಿಯಂ ಇದೆ. ಅಷ್ಟೇ ಅಲ್ಲ. ನಾಲ್ಕು ಅಯೋಡಿನ್ ಹೊತ್ತ ಟಿ4 ಹಾರ್ಮೋನಿನಿಂದ ಒಂದನ್ನು ಕಿತ್ತು ಚುರುಕಾದ ಟಿ3 ಮಾಡುವ ಕಿಣ್ವಕ್ಕೂ ಸೆಲೆನಿಯಂ ಬೇಕು!

ಕತಾರ್‌ನಲ್ಲಿ ಸೆಲೆನಿಯಂನ ಒಬ್ಬ ಅಣ್ಣನಿದ್ದಾನೆ. ಯಾರು, ಊಹಿಸಿ! ಗಂಧಕ! ರಾಸ್ ಲಫಾನ್‌ನಲ್ಲಿ ನೈಸರ್ಗಿಕ ಅನಿಲ ಶುದ್ಧವಾಗುವಾಗ ಹೊರಬೀಳುವ ಹಳದಿ ಗಂಧಕ ಹಡಗು ಹಡಗು ತುಂಬಿ ದೇಶಾಂತರ ಹೋಗುತ್ತದೆ. ಮೂಲಧಾತುಗಳ ಕೋಷ್ಟಕದಲ್ಲಿ ಅದರ ಕೆಳಗಿನ ಮನೆಯೇ ಸೆಲೆನಿಯಂ. 1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಅದನ್ನು ಕಂಡುಹಿಡಿದದ್ದೂ ಗಂಧಕಾಮ್ಲ ತಯಾರಿಸುವಾಗ ತಳದಲ್ಲಿ ಉಳಿದ ಕೆಂಪು ಗಸಿಯಲ್ಲಿ!

ನಮ್ಮ ಜೀವಕೋಶವಂತೂ ಅಣ್ಣನನ್ನು ಎಬ್ಬಿಸಿ ತಮ್ಮನನ್ನು ಕೂರಿಸುತ್ತದೆ. ಸಿಸ್ಟೀನ್ ಎಂಬ ಅಮೈನೋ ಆಮ್ಲದಲ್ಲಿ ಗಂಧಕವಿದೆ. ಆ ಜಾಗಕ್ಕೆ ಸೆಲೆನಿಯಂ ಬಂದರೆ ಸೆಲೆನೋಸಿಸ್ಟೀನ್, ಇಪ್ಪತ್ತೊಂದನೆಯ ಅಮೈನೋ ಆಮ್ಲ! ವಂಶವಾಹಿಗಳ ಭಾಷೆಯಲ್ಲಿ ಅದರ ಸಂಕೇತ ಯುಜಿಎ. ಸಾಮಾನ್ಯವಾಗಿ ಆ ಮೂರಕ್ಷರ ಬಂದರೆ 'ಪ್ರೋಟೀನು ಮುಗಿಯಿತು, ನಿಲ್ಲಿಸು' ಎಂದರ್ಥ. ಇಲ್ಲಿ ಮಾತ್ರ 'ಸೆಲೆನಿಯಂ ಹಾಕು, ಮುಂದೆ ನಡೆ'! ಮನುಷ್ಯರಲ್ಲಿ ಹೀಗೆ ಓದಿಸಿಕೊಳ್ಳುವ ವಂಶವಾಹಿಗಳು ಬರೀ 25. ಎಂಥ ಸೋಜಿಗ!

ಹಾಗಾದರೆ ಸೆಲೆನಿಯಂ ಮಾತ್ರೆ ನುಂಗಿದರೆ ಗ್ರೇವ್ಸ್ ರೋಗಿಗೆ ಹಾಯೆನಿಸುತ್ತದೆಯೇ?

2011ರಲ್ಲಿ ಯುರೋಪಿನಿಂದ ಉತ್ತರ ಬಂತು. ಗ್ರೇವ್ಸ್ ಕಾಯಿಲೆ ಕೆಲವರಲ್ಲಿ ಕಣ್ಣಿಗೂ ಇಳಿಯುತ್ತದೆ. ಗುಡ್ಡೆ ಮುಂದೆ ಬರುತ್ತದೆ, ಉರಿಯುತ್ತದೆ. ಈ ತೊಂದರೆ ಸೌಮ್ಯವಾಗಿದ್ದ 159 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆರಡು ಬಾರಿ 100 ಮೈಕ್ರೋಗ್ರಾಂ ಸೋಡಿಯಂ ಸೆಲೆನೈಟ್, ಆರು ತಿಂಗಳು. ಕೇಳಿದ ಪ್ರಶ್ನೆಗಳನ್ನು ನೋಡಿ! ಓದಲು ಕಷ್ಟವೇ? ಗಾಡಿ ಓಡಿಸಲು? ಬೀದಿಯಲ್ಲಿ ಜನ ದಿಟ್ಟಿಸುತ್ತಾರೆ ಎನಿಸುತ್ತದೆಯೇ? ಫೋಟೋ ಎಂದರೆ ಹಿಂದೆ ಸರಿಯುತ್ತೀರಾ? ರೋಗಿಯ ಮನಸ್ಸನ್ನು ಹೀಗೆ ಅಳೆದದ್ದೇ ನನಗೆ ಬಹಳ ಹಿಡಿಸಿತು.

ಫಲಿತಾಂಶ? ಜೀವನದ ನೆಮ್ಮದಿ ಸ್ಪಷ್ಟವಾಗಿ ಏರಿತ್ತು! ಸೆಲೆನಿಯಂ ತೆಗೆದುಕೊಂಡವರಲ್ಲಿ ಶೇ 61 ಮಂದಿಯ ಕಣ್ಣು ಸುಧಾರಿಸಿತು. ಔಷಧವಿಲ್ಲದ ಸಪ್ಪೆ ಮಾತ್ರೆ ನುಂಗಿದವರಲ್ಲಿ ಶೇ 36. ಕಣ್ಣು ಹದಗೆಟ್ಟವರು? ಇಲ್ಲಿ ಶೇ 7, ಅಲ್ಲಿ ಶೇ 26!

ಆದರೆ ತಡೆಯಿರಿ. ಯುರೋಪಿನ ಹಲವು ಕಡೆ ಮಣ್ಣಿನಲ್ಲೇ ಸೆಲೆನಿಯಂ ಕಡಿಮೆ; ಕೊರತೆ ತುಂಬಿದ್ದಕ್ಕೇ ಫಲ ಸಿಕ್ಕಿರಬಹುದು. ಕಣ್ಣು ಬಿಟ್ಟು ಗ್ರಂಥಿಗೆ ಬಂದರೆ ಚಿತ್ರ ಬೇರೆ. 2015ರಲ್ಲಿ ಸ್ವೀಡನ್ನಿನ 38 ರೋಗಿಗಳ ಅಧ್ಯಯನದಲ್ಲಿ ಸೆಲೆನಿಯಂ ಗುಂಪಿನ ಟಿ4 ಹೆಚ್ಚು ಇಳಿಯಿತು. ಗ್ರಂಥಿಯನ್ನು ಕೆಣಕುವ ಪ್ರತಿಕಾಯಗಳು ಮಾತ್ರ ಎರಡೂ ಗುಂಪಿನಲ್ಲಿ ಒಂದೇ ಥರ. 2017ರ ಜರ್ಮನಿಯ 70 ಜನರ ಪರೀಕ್ಷೆಯಲ್ಲಿ, ದಿನಕ್ಕೆ 300 ಮೈಕ್ರೋಗ್ರಾಂ ಕೊಟ್ಟರೂ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಹಾರ್ಮೋನು ತಗ್ಗಿಸಲು ವೈದ್ಯರು ಬರೆದುಕೊಟ್ಟ ಕಾರ್ಬಿಮಜೋಲ್ ಮಾತ್ರೆ ಬಿಟ್ಟು ಇದನ್ನು ಹಿಡಿಯುವಂತಿಲ್ಲ.

ಅತಿಯಾದರೆ? 2008ರಲ್ಲಿ ಅಮೆರಿಕದಲ್ಲಿ ಒಂದು ಪೌಷ್ಟಿಕ ದ್ರವದಲ್ಲಿ ಲೇಬಲ್ ಹೇಳಿದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಹೋಯಿತು. 201 ಮಂದಿ ನರಳಿದರು. ಕೂದಲು ಉದುರಿತು! ಉಗುರು ಕೆಟ್ಟಿತು! ಒಂದೇ ಒಂದು ಬ್ರೆಜಿಲ್ ನಟ್‌ನಲ್ಲೂ ದಿನದ ಪಾಲಿಗಿಂತ ಹೆಚ್ಚು ಇರಬಲ್ಲದು. ಮುಷ್ಟಿ ತುಂಬ ತಿನ್ನುವ ಕಾಯಿಯಲ್ಲ ಅದು.

ಕೊನೆಯ ಪ್ರಶ್ನೆ. ದೋಹಾದಲ್ಲಿರುವ ನಿಮ್ಮ ಮೈಯಲ್ಲಿ ಸೆಲೆನಿಯಂ ಎಷ್ಟಿದೆ? ಗೋಧಿಯಲ್ಲಿ ಅದು ಎಷ್ಟಿರುತ್ತದೆ ಎನ್ನುವುದು ಬೆಳೆದ ಮಣ್ಣಿನ ಮೇಲೆ ನಿಂತಿದೆ. ಕತಾರ್‌ನ ಗೋಧಿ ಬರುವುದು ಹೊರದೇಶಗಳಿಂದ. ಚಪಾತಿಗೆ ಜೊತೆಯಾಗಿ ಬೂತಾಯಿ ಸಾರೋ ಮೊಟ್ಟೆಯೋ ಇದ್ದರೆ ಲೆಕ್ಕ ಮತ್ತೆ ಬದಲು! ಇದೊಂದನ್ನು ಮಾತ್ರ ಊಹಿಸಬೇಡಿ. ಮಾತ್ರೆ ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕೇ ಎಂದು ನಿಮ್ಮ ಥೈರಾಯ್ಡ್ ವೈದ್ಯರನ್ನು ಕೇಳಿ.